ಭೀಮವ್ವನ ಎಡಗೈ ಹೆಬ್ಬೆಟ್ಟು

ಸುರಪುರದಿಂದ ಶಹಾಪುರದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ ಕುರಿಗಾರರ ಸಂಘದ ಕಟ್ಟಡವಿದೆ. ಮುಂದೆ ಒಂದು ಕಚೇರಿ, ಹಿಂದೆ ಒಂದು ತಂಪು ಕೋಣೆ. ಕುರಿ, ಆಡುಗಳಿಗೆ ಚುಚ್ಚುವ ಲಸಿಕೆ ಇರುವುದು ಆ ಕೋಣೆಯಲ್ಲಿ. ಅದರ ಬಾಗಿಲು ಎಂಟು ವರ್ಷದಿಂದ ದೇವಾಪುರದ ಭೀಮವ್ವನ ಸುಪರ್ದಿಯಲ್ಲಿದೆ.

ಆಕೆ ಅಲ್ಲಿ ಸೇರಿದ್ದು ಕಸ ಹೊಡೆಯುವುದಕ್ಕೆ. ಮೂರನೆಯ ವರ್ಷ, ಕೋಣೆಯ ಉಷ್ಣತೆ ಬರೆದಿಡುತ್ತಿದ್ದವನು ಕೆಲಸ ಬಿಟ್ಟು ಹೋದಾಗ, ಹೊಸಬ ಸಿಗುವವರೆಗೆ ಎಂದು ಪೆನ್ನು ಈಕೆಯ ಕೈಗೆ ಬಂತು. ಹೊಸಬ ಇನ್ನೂ ಸಿಕ್ಕಿಲ್ಲ. ಬೆಳಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಭೀಮವ್ವ ಥರ್ಮಾಮೀಟರ್ ನೋಡುತ್ತಾಳೆ. ಎರಡರಿಂದ ಎಂಟು ಡಿಗ್ರಿಯೊಳಗೆ ಇದ್ದರೆ ಲಸಿಕೆ ಲಸಿಕೆಯಾಗಿರುತ್ತದೆ, ದಾಟಿದರೆ ಬರೀ ನೀರು. ಅಂಕಿ ಬರೆದು, ಮುಂದೆ ಸಹಿ ಮಾಡುತ್ತಾಳೆ. ಓದಿದ ಜನರ ಸಹಿ ಅವರಪ್ಪನಿಗೂ ತಿಳಿಯುವುದಿಲ್ಲ. ಭೀಮವ್ವನ ಸಹಿಯಲ್ಲಿ ಭೀಮವ್ವ ಎಂದೇ ಇರುತ್ತದೆ, ಒತ್ತಕ್ಷರದ ಸಮೇತ, ರಿಜಿಸ್ಟರಿನ ಗೆರೆಯ ಮನೆ ದಾಟಿ ಪಕ್ಕದ ಮನೆಗೆ ಕಾಲು ಚಾಚಿಕೊಂಡು.

ಹೋದ ವರ್ಷ ಮುಂಗಾರಿನ ಹೊತ್ತಿಗೆ ಒಂದು ಅನಾಹುತವಾಯಿತು. ಕರುಳುಬೇನೆಗೆ ಲಸಿಕೆ ಹಾಕಿಸಿಕೊಂಡ ಹಿಂಡುಗಳಲ್ಲೇ ಕುರಿ ಸತ್ತವು. ದೇವಾಪುರದ ಅಮೋಘಸಿದ್ದ ಮುತ್ಯಾನ ಹಟ್ಟಿಯಲ್ಲಿ ಹನ್ನೊಂದು. ಲಸಿಕೆ ಕೆಟ್ಟಿತ್ತು ಎಂದು ಡಾಕ್ಟರು ಹೇಳಿದರು. ಭೀಮವ್ವನ ರಿಜಿಸ್ಟರಿನಲ್ಲಿ ಐದು, ಆರು, ಆರು ಎಂದೇ ಇತ್ತು. ಆದರೆ ನಡುವೆ ಎರಡು ದಿನ ಆಕೆ ರಜೆಯಲ್ಲಿದ್ದಳು. ಆ ಎರಡು ದಿನ ಬೀಗದ ಕೈ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಯಾರು ತೆಗೆದರು, ಯಾರು ಬಾಗಿಲು ತೆರೆದಿಟ್ಟು ಹೋದರು, ಮೊಳೆಗೆ ಏನು ಗೊತ್ತು?

ಸಂಘದ ಸದಸ್ಯರಲ್ಲಿ ಹಿರಿಯನಾದ ಅಮೋಘಸಿದ್ದ ಕಚೇರಿಗೆ ಬಂದು ಬೈಯಲಿಲ್ಲ, ಕೂಗಾಡಲಿಲ್ಲ. ಭೀಮವ್ವನ ಮುಂದೆ ನಿಂತು ಒಂದೇ ಮಾತು ಹೇಳಿದ. "ಬಾಗಲಾ ನಿನ್ನ ಕೈಯಾಗ ಇತ್ತಲ್ಲವಾ." ಬೈದಿದ್ದರೆ ಎಷ್ಟೋ ವಾಸಿ ಇತ್ತು. ಒಂದೇ ಊರಿನವರು; ದಿನಾ ಬೆಳಗ್ಗೆ ಅವನ ಹಟ್ಟಿಯ ಮುಂದೆಯೇ ಹಾದು ಬಸ್ಸಿಗೆ ಬರಬೇಕು. ಬೀಗದ ಕೈ ತೆಗೆದವರೆಲ್ಲ ಒಂದು ಪುಸ್ತಕದಲ್ಲಿ ಸಹಿ ಮಾಡಲಿ ಎಂದು ಆಕೆ ಕಾರ್ಯದರ್ಶಿ ಶಾಂತಕುಮಾರನಿಗೆ ಮೂರು ಸಲ ಹೇಳಿದ್ದಳು. ಶಾಂತಕುಮಾರ ಮೂರು ಸಲವೂ ನಕ್ಕಿದ್ದ.

ಕುರಿ ಸತ್ತ ಮೇಲೆ ನಗು ನಿಂತಿತು. ಪುಸ್ತಕ ಬರಲಿಲ್ಲ, ಮಿಷನ್ ಬಂತು.

ತಂದವನು ಯಾದಗಿರಿಯ ಮನ್ಸೂರಅಲಿ. ಸ್ಟೇಷನ್ ಹತ್ತಿರ ಅಂಗಡಿ ಇಟ್ಟುಕೊಂಡು ಕ್ಯಾಮೆರಾ, ಬೆರಳಚ್ಚಿನ ಬೀಗ ಕೂಡಿಸಿಕೊಡುವವನು. ಹಳೆಯ ಬೀಗ ಕಿತ್ತು, ಬಾಗಿಲಿನ ಪಕ್ಕದಲ್ಲಿ ಅಂಗೈಯಗಲದ ಕಪ್ಪು ಡಬ್ಬಿ ಕೂಡಿಸಿದ. ಅದರ ಗಾಜಿನ ಮೇಲೆ ಬೆರಳಿಟ್ಟರೆ, ಹೆಸರು ಇದ್ದವರಿಗೆ ಬಾಗಿಲು ಬಿಡುತ್ತದೆ, ಇಲ್ಲದವರಿಗೆ ಬಿಡುವುದಿಲ್ಲ. ಯಾರು ತೆರೆದರು, ಎಷ್ಟಕ್ಕೆ ತೆರೆದರು, ಎಷ್ಟಕ್ಕೆ ಮುಚ್ಚಿತು, ಎಲ್ಲ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದೆ.

ಬೆರಳು ಕೊಡಬೇಕಾದವರು ನಿಜವಾಗಿ ನಾಲ್ಕು ಮಂದಿ: ಶಾಂತಕುಮಾರ, ಕಂಪ್ಯೂಟರಿನ ಸುಮಲತಾ, ಲಸಿಕೆ ಹಾಕುವ ಬಸಲಿಂಗ, ಭೀಮವ್ವ. ಆದರೆ ಸಂಘದ ಏಳು ಮಂದಿ ಹಿರಿಯ ಸದಸ್ಯರು ಸುದ್ದಿ ಕೇಳಿ ತಾವೂ ಬಂದು ಸಾಲಿಗೆ ನಿಂತರು. ಆ ಕೋಣೆಯೊಳಗೆ ಅವರಿಗೆ ಏನೂ ಕೆಲಸವಿಲ್ಲ. ಆದರೂ ಸಂಘ ಕಟ್ಟಿದವರು ನಾವು, ಬಾಗಿಲು ನಮಗೆ ತೆರೆಯದಿದ್ದರೆ ಹೇಗೆ? ಮಾನದ ಪ್ರಶ್ನೆ.

ಮಿಷನ್ನಿಗೆ ಒಂದು ಬೆರಳನ್ನು ಮೂರು ಸಲ ತೋರಿಸಬೇಕು. ಮೊದಲು ಅಮೋಘಸಿದ್ದ ಬಂದ. ಯಾವ ಬೆರಳು ಎಂದು ಕೇಳಲಿಲ್ಲ, ಎಡಗೈ ಹೆಬ್ಬೆಟ್ಟನ್ನೇ ಮುಂದೆ ಚಾಚಿದ. ಹುಟ್ಟಿದಾಗಿನಿಂದ ಸರ್ಕಾರ ಕೇಳಿದ್ದು ಅದೊಂದನ್ನೇ. ಒಂದನೆಯ ಸಲ ಮಿಷನ್ ಒಪ್ಪಿತು. ಎರಡನೆಯ ಸಲ "ಟ್ರೈ ಅಗೇನ್" ಎಂದಿತು. ಮೂರನೆಯ ಸಲವೂ ಅದೇ. ಅವನ ಹಿಂದಿನವನಿಗೂ ಹಾಗೆಯೇ ಆಯಿತು, ಅವನ ಹಿಂದಿನವನಿಗೂ. ಮನ್ಸೂರಅಲಿ ತಂತಿ ಬಿಚ್ಚಿ ಮತ್ತೆ ಕೂಡಿಸಿದ, ಗಾಜು ಒರೆಸಿದ, ಬೆವರಿದ.

"ಹನ್ನೆರಡು ಕಡೆ ಕೂಡಿಸೀನ್ರಿ, ಎಲ್ಲೂ ಹಿಂಗ ಆಗಿಲ್ಲ," ಎಂದ.

ಕಸಬರಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದ ಭೀಮವ್ವ ನೋಡುತ್ತಲೇ ಇದ್ದಳು. "ಮಿಷನ್ ಚೊಲೊ ಅದ್ರಿ," ಎಂದಳು. "ಮುತ್ಯಾಗೋಳ ತಲಿ ನೋಡ್ರಿ."

ಆಗ ಮನ್ಸೂರಅಲಿ ನೋಡಿದ. ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದ ಮುದುಕ, ಕೈ ತೆಗೆದ ಕೂಡಲೇ ತಲೆಗೆ ಸುತ್ತಿದ ಪಟಕದ ಕೆಳಗೆ, ಕಿವಿಯ ಹಿಂದಿನ ಕೂದಲಿಗೆ ಹೆಬ್ಬೆಟ್ಟನ್ನು ಗಸಗಸ ಒರೆಸಿಕೊಂಡ. ಮಸಿ ಇರಲಿಲ್ಲ. ಆದರೆ ಐವತ್ತು ವರ್ಷ ಹೆಬ್ಬೆಟ್ಟು ಒತ್ತಿದಾಗಲೆಲ್ಲ ಮಸಿ ಇರುತ್ತಿತ್ತು, ಒರೆಸಲು ಬಟ್ಟೆ ಯಾವ ಕಚೇರಿಯವನೂ ಕೊಟ್ಟಿರಲಿಲ್ಲ, ತಲೆಗೂದಲೇ ಗತಿಯಾಗಿತ್ತು. ಕೂದಲಿನ ಎಣ್ಣೆ ಹೆಬ್ಬೆಟ್ಟಿಗೆ, ಹೆಬ್ಬೆಟ್ಟಿನ ಎಣ್ಣೆ ಗಾಜಿಗೆ. ಮಿಷನ್ನಿಗೆ ಕಾಣುವುದಾದರೂ ಏನು?

ಎಲ್ಲರೂ ನಕ್ಕರು, ಮುದುಕರೂ ನಕ್ಕರು. ಭೀಮವ್ವ ನಗಲಿಲ್ಲ. ಒಬ್ಬೊಬ್ಬರ ಹಿಂದೆ ನಿಂತು, ಒತ್ತಿದ ಕೂಡಲೇ ಮಣಿಕಟ್ಟು ಹಿಡಿದುಕೊಂಡಳು. ಏಳೂ ಜನರದ್ದು ಕಾಲು ತಾಸಿನಲ್ಲಿ ಮುಗಿಯಿತು.

"ಇನ್ನ ನೀವು ಬರ್ರಿ ಅಕ್ಕ," ಎಂದು ಮನ್ಸೂರಅಲಿ ಕರೆದ.

"ನಾ ಹೆಬ್ಬೆಟ್ಟು ಒತ್ತಂಗಿಲ್ರಿ," ಎಂದಳು ಭೀಮವ್ವ. "ನನಗ ಸಹಿ ಬರ್ತದ."

ಈಗ ಮತ್ತೆ ನಗು ಎದ್ದಿತು. ಶಾಂತಕುಮಾರ ಮಾತ್ರ ನಗಲಿಲ್ಲ. ಅವನು ಕುರಿಗಾರರ ಮನೆಯಲ್ಲೇ ಹುಟ್ಟಿ, ಯಾದಗಿರಿಯಲ್ಲಿ ಓದಿ ಬಂದವನು. ಕೆಟ್ಟವನಲ್ಲ, ಆದರೆ ಅವಸರದವನು, ಮೇಲಿನವರು ಬಂದಾಗ ಇನ್ನಷ್ಟು ಅವಸರದವನು. "ಭೀಮವ್ವ, ಇದು ಓದು ಬರ್ತದೋ ಇಲ್ಲೋ ಅನ್ನೋದಕ್ಕ ಅಲ್ಲ. ನಾನೂ ಒತ್ತೀನಿ, ಸುಮಲತಾನೂ ಒತ್ತ್ಯಾಳ," ಎಂದ. ಆಕೆ ಮುಂದೆ ಬರಲಿಲ್ಲ. "ನೋಡು, ಸೋಮವಾರದಿಂದ ಬೆರಳು ಇಲ್ಲದವರಿಗೆ ಬಾಗಲಾ ಇಲ್ಲ. ಕೋಣಿ ಸುಮಲತಾ ನೋಡ್ಕೋತಾಳ. ನೀ ಅಂಗಳದ ಕೆಲಸ ನೋಡ್ಕೋ." ಅಂಗಳದ ಕೆಲಸವೆಂದರೆ ಕಸಬರಿಗೆ. ಹನ್ನೊಂದು ವರ್ಷದ ಹಿಂದೆ ಎಲ್ಲಿಂದ ಹೊರಟಿದ್ದಳೋ ಅಲ್ಲಿಗೇ.

ಹಟ ಎಂದರು ಎಲ್ಲರೂ. ಹಟವೇ. ಆದರೆ ಹಟಕ್ಕೂ ಒಂದು ಹುಟ್ಟಿದ ದಿನ ಇರುತ್ತದೆ.

ಭೀಮವ್ವನ ಮಗಳು ಜ್ಯೋತಿ ದೇವಾಪುರದ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದಾಗ, ಸುರಪುರದ ಶಾಲೆಗೆ ಸೇರಿಸಲು ಟಿ.ಸಿ. ತರಬೇಕಿತ್ತು. ಗಂಡ ಕುರಿಯ ಹಿಂದೆ ದೂರ ಹೋಗಿದ್ದ, ಭೀಮವ್ವ ಹೋದಳು. ಹೆಡ್‌ಮಾಸ್ತರರು ಆಕೆಯ ಹೆಸರು ಕೇಳಲಿಲ್ಲ, ಓದು ಬರುತ್ತದೆಯೇ ಎಂದೂ ಕೇಳಲಿಲ್ಲ. ಯಾರ ಜೊತೆಗೋ ಮಾತಾಡುತ್ತಲೇ ಎಡಗೈ ಹಿಡಿದೆಳೆದು, ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಉರುಳಿಸಿ, ಬಿಟ್ಟರು. ಬಿಟ್ಟ ಕೈ ಎತ್ತ ಹೋಗಬೇಕು ಎಂದು ತಿಳಿಯದೆ ತಲೆಗೆ ಹೋಯಿತು. ಬಾಗಿಲಲ್ಲಿ ಜ್ಯೋತಿಯ ಗೆಳತಿಯರು ಇದ್ದರು. ಜ್ಯೋತಿ ಮನೆಯವರೆಗೂ ತಾಯಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಆ ಹತ್ತು ಹೆಜ್ಜೆಯನ್ನು ಭೀಮವ್ವ ಇವತ್ತಿಗೂ ಮರೆತಿಲ್ಲ. 

ಮರುದಿನವೇ ಆಕೆ ಖಾಜಾಬೀ ಟೀಚರ್ ಹತ್ತಿರ ಹೋದಳು. ಖಾಜಾಬೀ ಅಂಗನವಾಡಿಯಲ್ಲಿ, ಮಕ್ಕಳು ಉಂಡು ಹೋದ ಮೇಲೆ, ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದವಳು. ಉಣ್ಣೆ ನೂಲುತ್ತ ನೂಲುತ್ತ ಕಲಿಯಲು ಭೀಮವ್ವನಿಗೆ ಒಂದೂವರೆ ವರ್ಷ ಹಿಡಿಯಿತು. ಹೆಸರು ಬರೆಯಲು ಬಂದ ದಿನ, ಸಾಕು ಎಂದು ಎದ್ದವಳನ್ನು ಖಾಜಾಬೀ ಮತ್ತೆ ಕೂಡಿಸಿದಳು. "ಬರೇ ಸಹಿ ಕಲ್ತರ ಅದೂ ಹೆಬ್ಬೆಟ್ಟೇ. ಮ್ಯಾಲಿಂದ ಕೆಳಗ ಓದಬೇಕು, ಓದಿದ ಮ್ಯಾಲ ಕೈ ಹಚ್ಚಬೇಕು. ಓದಾಕ ಬರದಿದ್ರ, ನಿಮ್ಮಪ್ಪ ಹೇಳಿದ್ರೂ ಹಚ್ಚಬಾರದು." ಅವತ್ತಿನಿಂದ ಆ ಎಡಗೈ ಹೆಬ್ಬೆಟ್ಟು ಯಾವ ಕಾಗದವನ್ನೂ ಮುಟ್ಟಿಲ್ಲ. ರೇಷನ್ ಅಂಗಡಿಯ ಮಿಷನ್ನಿಗೂ ಗಂಡನನ್ನೇ ಕಳಿಸುತ್ತಾಳೆ.

ಜ್ಯೋತಿ ಈಗ ಶಹಾಪುರದಲ್ಲಿ ನರ್ಸು. ವಿಷಯ ಕೇಳಿ ಅವಳೇ ಫೋನ್ ಮಾಡಿದಳು. "ಯವ್ವಾ, ನಾ ದಿನಾ ಎರಡು ಸಲ ಒತ್ತತೀನಿ. ಒತ್ತಿದ್ರ ಏನ್ ಸವೀತದ?"

"ನೀ ಒತ್ತಿದ್ರ ಹಾಜರಿ," ಎಂದಳು ಭೀಮವ್ವ. "ನಾ ಒತ್ತಿದ್ರ ಹೆಬ್ಬೆಟ್ಟು."

 "ಆದ್ರ ಬಾಗಲಾ ಬಿಟ್ಟು ಕೊಡಬ್ಯಾಡವಾ," ಎಂದಳು ಜ್ಯೋತಿ.

ಭೀಮವ್ವನಿಗೂ ಬಿಡುವ ಮನಸ್ಸಿರಲಿಲ್ಲ. ಇಷ್ಟು ವರ್ಷ ಕಾದ ಬಾಗಿಲು, ಅದೂ ಅಮೋಘಸಿದ್ದ ಮುತ್ಯಾನ ಆ ಒಂದು ಮಾತಿನ ಮೇಲೆ ಬಿಟ್ಟು ಹೋದರೆ, ದೇವಾಪುರದಲ್ಲಿ ಅದರ ಅರ್ಥ ಒಂದೇ ಆಗುತ್ತಿತ್ತು. ಶನಿವಾರ ಮನ್ಸೂರಅಲಿ ಗೋಡೆಯ ಮೇಲಿನ ತಂತಿಯನ್ನು ಮುಚ್ಚುವ ಪಟ್ಟಿ ಹೊಡೆಯಲು ಮತ್ತೆ ಬಂದಾಗ, ತಾನಾಗಿಯೇ ಅವನ ಬಳಿ ಹೋದಳು.

"ಹೆಬ್ಬೆಟ್ಟು ಬ್ಯಾಡ್ರಿ. ಬ್ಯಾರೆ ಬೆರಳು ತಗೋತದೇನು?"

"ತಗೋತದಕ್ಕ. ಹತ್ತರಾಗ ಯಾವುದಾದ್ರೂ ನಡೀತದ," ಎಂದ ಮನ್ಸೂರಅಲಿ. ಅವನಿಗೂ ಸಮಾಧಾನವಾಯಿತು.

ಬಲಗೈ ತೋರುಬೆರಳು ಇಟ್ಟಳು. ಆಗಲಿಲ್ಲ. ನಡುಬೆರಳು, ಅದೂ ಆಗಲಿಲ್ಲ. ಮನ್ಸೂರಅಲಿ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದ. ಹತ್ತನೆಯ ವಯಸ್ಸಿನಿಂದ ಉಣ್ಣೆಯ ನೂಲು ಆ ಎರಡು ಬೆರಳು, ಬಲಗೈ ಹೆಬ್ಬೆಟ್ಟಿನ ನಡುವೆ ಓಡಿ ಓಡಿ ಗೆರೆಯೆಲ್ಲ ನುಣುಪಾಗಿತ್ತು. ಎಡಗೈ ತೋರುಬೆರಳಿಗೆ ಕುಡುಗೋಲಿನ ಗಾಯ, ನಡುಬೆರಳಿಗೆ ಹತ್ತಿ ಬಿಡಿಸುವಾಗಿನ ಗೀರುಗಳು. ಉಂಗುರ ಬೆರಳಿಗೆ ಮಿಷನ್ ಒಮ್ಮೆ ಹೂಂ ಎಂದು ಒಮ್ಮೆ ಊಹೂಂ ಎಂದಿತು. ಕಿರುಬೆರಳುಗಳ ಗೆರೆ ಅದಕ್ಕೆ ಸಾಲಲಿಲ್ಲ. ಉಳಿದದ್ದು ಒಂದೇ. ಹದಿನೈದು ವರ್ಷದಿಂದ ಯಾರಿಗೂ ಕೊಡದೆ ಇಟ್ಟುಕೊಂಡ ಎಡಗೈ ಹೆಬ್ಬೆಟ್ಟು, ಗೆರೆ ಗೆರೆಯಾಗಿ, ಸ್ವಚ್ಛವಾಗಿ ಕೂತಿತ್ತು.

ಭೀಮವ್ವ ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮನ್ಸೂರಅಲಿಯೂ ಸ್ಕ್ರೂ ಡ್ರೈವರ್ ಕೆಳಗಿಟ್ಟು ಪಕ್ಕದಲ್ಲಿ ಕುಳಿತ. ಕಪ್ಪು ಡಬ್ಬಿಯ ಕಡೆ ನೋಡಿ ಆಕೆ ಕೇಳಿದಳು, "ನಾ ಒತ್ತಿದ್ರ, ಒಳಗ ಏನ್ ಬರೀತದ್ರಿ ಅದು?"

ಇಷ್ಟು ವರ್ಷದ ದಂಧೆಯಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬಾಗಿಲು ತೆರೆಯುತ್ತದೋ ಇಲ್ಲವೋ ಎಂದಷ್ಟೇ ಕೇಳುವ ಜನ. ಅವನು ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಎಲ್ಲ ಇಂಗ್ಲಿಷಿನಲ್ಲಿತ್ತು.

"ಇದು ನನಗ ಓದಾಕ ಬರಂಗಿಲ್ಲ," ಎಂದಳು ಭೀಮವ್ವ. "ಹೆಬ್ಬೆಟ್ಟಿಂದು ಇದೇ ತ್ರಾಸ ನೋಡ್ರಿ. ಒತ್ತಿದಾಕಿಗಿ ಏನ್ ಬರದಾರ ಗೊತ್ತಿರಂಗಿಲ್ಲ. ವಾರಕ್ಕೊಮ್ಮೆ ಇದನ್ನ ಕನ್ನಡದಾಗ ತಗದು ಕೊಟ್ರ, ನಾ ಓದಿ ಕೆಳಗ ಸಹಿ ಮಾಡ್ತೀನಿ. ಹಂಗಿದ್ರ ಒತ್ತತೀನಿ."

ಒಳಗಿನಿಂದ ಕೇಳಿಸಿಕೊಂಡ ಸುಮಲತಾ, "ನಾ ಟೈಪ್ ಮಾಡಿ ಕೊಡ್ತೀನಕ್ಕ, ಅರ್ಧ ತಾಸಿನ ಕೆಲಸ," ಎಂದಳು. ಶಾಂತಕುಮಾರನಿಗೆ ಫೋನಿನಲ್ಲಿ ಕೇಳಿದರು. "ಒಂದು ಹಾಳಿ ತಾನ? ಕೊಡ್ರಿ ಆಕಿಗಿ," ಎಂದ. ಕಳ್ಳೆಪುರಿ ಕೊಟ್ಟು ಹುಡುಗಿಯನ್ನು ಸಮಾಧಾನ ಮಾಡುವವನ ದನಿಯಲ್ಲಿ.

ಭೀಮವ್ವ ಎದ್ದು, ಸೆರಗಿನಿಂದ ಹೆಬ್ಬೆಟ್ಟು ಒರೆಸಿಕೊಂಡು, ಗಾಜಿನ ಮೇಲಿಟ್ಟಳು. ಮಿಷನ್ ಮೂರಕ್ಕೆ ಮೂರೂ ಸಲ ಒಪ್ಪಿಕೊಂಡಿತು. ಅಷ್ಟು ಸಲೀಸಾಗಿ ಒಪ್ಪಿದ್ದು ಆಕೆಗೆ ಸಂತೋಷವನ್ನೇನೂ ಕೊಡಲಿಲ್ಲ, ಕಣ್ಣಲ್ಲಿ ನೀರೇ ಬಂತು. ಮನ್ಸೂರಅಲಿ ಅದನ್ನು ನೋಡದವನಂತೆ ತಂತಿಗೆ ಪಟ್ಟಿ ಹೊಡೆದ.

ಸೋಮವಾರದಿಂದ ಬಾಗಿಲು ಭೀಮವ್ವನ ಕೈಯಲ್ಲೇ ನಡೆಯಿತು. ಹತ್ತಕ್ಕೆ, ನಾಲ್ಕಕ್ಕೆ ಒತ್ತುತ್ತಾಳೆ, ನೋಡುತ್ತಾಳೆ, ಬರೆಯುತ್ತಾಳೆ. ಗುರುವಾರ ಮಧ್ಯಾಹ್ನ ಶಾಂತಕುಮಾರ ಆಕೆಯನ್ನು ಐಸ್ ಪೆಟ್ಟಿಗೆ ತರಲು ಬಸ್ ಸ್ಟ್ಯಾಂಡಿಗೆ ಕಳಿಸಿದ. ಬಸ್ಸು ತಡವಾಗಿ, ಆಕೆ ಮರಳಿ ಬಂದಾಗ ನಾಲ್ಕು ಗಂಟೆ. ಥರ್ಮಾಮೀಟರ್ ಹದಿನಾಲ್ಕು ತೋರಿಸುತ್ತಿತ್ತು.  ಕೇಳಿದ್ದಕ್ಕೆ ಶಾಂತಕುಮಾರ, "ಹೊಸಾ ವೈರಿಂಗ್ ಅಲ್ಲಾ, ಒಂದೊಂದು ಸಲ ಹಂಗ ತೋರಸ್ತದ," ಎಂದ. ಭೀಮವ್ವ ಹದಿನಾಲ್ಕು ಎಂದೇ ಬರೆದು ಸಹಿ ಮಾಡಿದಳು.

ಶನಿವಾರ ಸುಮಲತಾ ಹಾಳಿ ತಂದುಕೊಟ್ಟಳು. ಕಚೇರಿಯಲ್ಲಿ ಶಾಂತಕುಮಾರ ಇದ್ದ. ಸೋಮವಾರ ದೇವಾಪುರದ ಹಿಂಡುಗಳಿಗೆ ಕರುಳುಬೇನೆಯ ಲಸಿಕೆ ಇತ್ತು; ಎಷ್ಟು ಗಂಟೆಗೆ ಬರುತ್ತೀರಿ ಎಂದು ಕೇಳಲು ಅಮೋಘಸಿದ್ದನೂ ಬಂದು ಬೆಂಚಿನ ಮೇಲೆ ಕುಳಿತಿದ್ದ. ಭೀಮವ್ವ ನಿಂತುಕೊಂಡೇ, ಸಾಲಿನ ಕೆಳಗೆ ಬೆರಳಿಟ್ಟು, ಮೇಲಿನಿಂದ ಓದತೊಡಗಿದಳು. ಭೀಮವ್ವ, ಭೀಮವ್ವ, ಬಸಲಿಂಗ, ಭೀಮವ್ವ. ಗುರುವಾರದ ಸಾಲಿಗೆ ಬಂದಾಗ ಬೆರಳು ನಿಂತಿತು.

"ಲಗೂ ಸಹಿ ಮಾಡು ಭೀಮವ್ವ, ಫೈಲಿಗಿ ಹಾಕಬೇಕು," ಎಂದ ಶಾಂತಕುಮಾರ.

ಆಕೆ ಆ ಸಾಲನ್ನು ಇನ್ನೊಮ್ಮೆ ಓದಿದಳು. ಪೆನ್ನು ಮೇಜಿನ ಮೇಲಿಟ್ಟಳು.

"ಓದೀನ್ರಿ ಸಾಹೇಬ್ರ. ಓದಿದ ಮ್ಯಾಲ ಹೆಂಗ ಮಾಡ್ಲಿ?"

"ಏನಾತು?"

"ಗುರುವಾರ ಹನ್ನೆರಡು ನಲವತ್ತಕ್ಕ ಬಾಗಲಾ ತಗದದ. ಮೂರೂ ಇಪ್ಪತ್ತೈದಕ್ಕ ಮುಚ್ಚ್ಯದ. ಮುಂದ ನಿಮ್ಮ ಹೆಸರು ಅದ."

ಶಾಂತಕುಮಾರನ ಮುಖ ಇಳಿಯಿತು. ಅವತ್ತು ಯಾದಗಿರಿಯಿಂದ ಇಬ್ಬರು ನಿರ್ದೇಶಕರು ಬಂದಿದ್ದರು. ಅವರಿಗೆ ಕೋಣೆ ತೋರಿಸಿ, ಹೊಸ ಮಿಷನ್ನಿನ ಮುಂದೆ ಫೋಟೋ ತೆಗೆಸಿ, ಚಹಾಕ್ಕೆ ಕರೆದುಕೊಂಡು ಹೋದದ್ದು, ಬಾಗಿಲ ನೆನಪು ಮೂರು ಗಂಟೆ ದಾಟಿದ ಮೇಲೆ ಬಂದದ್ದು, ಎಲ್ಲ ಅವನ ಮುಖದಲ್ಲೇ ಇತ್ತು. "ಅದರಾಗ ಏನ್ ಆಗಂಗಿಲ್ಲ ಬಿಡು," ಎಂದ, ಆದರೆ ಸಣ್ಣ ದನಿಯಲ್ಲಿ.

"ಹದಿನಾಕು ಇತ್ರಿ. ನನ್ನ ಪುಸ್ತಕದಾಗ ಅದ. ಆ ಮಾಲು ದೇವಾಪುರಕ್ಕ ಹೋಗಬಾರದು. ನೀವು ಇದರಾಗ ಬರೀರಿ, ಆಮ್ಯಾಲ ನಾ ಓದಿ ಸಹಿ ಮಾಡ್ತೀನಿ."

ಬೆಂಚಿನ ಮೇಲಿನ ಮುದುಕ ಇಬ್ಬರ ಮುಖವನ್ನೂ ನೋಡಿದ. ಶಾಂತಕುಮಾರ ಒಂದು ಮಾತಿನಲ್ಲಿ ಆಕೆಯನ್ನು ಅಂಗಳಕ್ಕೆ ಕಳಿಸಬಹುದಿತ್ತು. ಭೀಮವ್ವನಿಗೂ ಅದು ಗೊತ್ತಿತ್ತು. ಆದರೆ ಕಾಗದ ಮೇಜಿನ ಮೇಲಿತ್ತು, ಸಹಿಯ ಜಾಗ ಖಾಲಿ ಇತ್ತು. ಕೊನೆಗೆ ಶಾಂತಕುಮಾರ ಪೆನ್ನು ತೆಗೆದುಕೊಂಡ. ಗುರುವಾರ ಬಾಗಿಲು ತನ್ನಿಂದ ತೆರೆದೇ ಉಳಿದಿತ್ತು, ಕೋಣೆಯಲ್ಲಿನ ಲಸಿಕೆ ಬಳಸಬಾರದು, ಹೊಸದು ತರಿಸಬೇಕು ಎಂದು ಮೂರು ಸಾಲು ಬರೆದು, ಯಾರಿಗೂ ತಿಳಿಯದ ತನ್ನ ಸಹಿ ಮಾಡಿದ. ಭೀಮವ್ವ ಮೂರೂ ಸಾಲು ಓದಿ, ಕೆಳಗೆ ತನ್ನ ಹೆಸರು ಬರೆದಳು.

ಅಮೋಘಸಿದ್ದ ಆಕೆಯ ಹಿಂದೆಯೇ ಹೊರಗೆ ಬಂದ. ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ನಿಂತ. ಹೋದ ವರ್ಷದಿಂದ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು.

"ನಮ್ಮ ಹನ್ನೊಂದು ಕುರಿದೂ ಹಿಂಗ ಆಗಿತ್ತೇನವಾ? ಇವನ ಕೈಯಿಂದನ?"

ಹೂಂ ಎಂದರೆ ಸಾಕಿತ್ತು. ಒಂದು ವರ್ಷ ಹೊತ್ತ ಹೊರೆ ಆ ಒಂದು ಹೂಂನಲ್ಲಿ ಇಳಿದುಹೋಗುತ್ತಿತ್ತು. ಸಂಜೆಯೊಳಗೆ ದೇವಾಪುರಕ್ಕೆಲ್ಲ ಸುದ್ದಿ ಮುಟ್ಟುತ್ತಿತ್ತು. ಭೀಮವ್ವನ ನಾಲಿಗೆಯ ತುದಿಗೂ ಬಂದಿತ್ತು.

"ಹೋದ ವರ್ಷದ್ದು ಯಾರೂ ಬರದಿಟ್ಟಿಲ್ಲ ಮುತ್ಯಾ," ಎಂದಳು. "ಬರೀದಿದ್ದಕ್ಕ ನಾ ಹೆಂಗ ಸಹಿ ಹಾಕ್ಲಿ?"

 ದೇವಾಪುರದ ಬಸ್ಸು ಐದೂವರೆಗೆ ಇತ್ತು. ಆಕೆಯ ಕೆಲಸ ಮುಗಿಯುವವರೆಗೆ ಮುದುಕ ಅಂಗಳದಲ್ಲೇ ಕುಳಿತಿದ್ದ, ಆಮೇಲೆ ಇಬ್ಬರೂ ಒಟ್ಟಿಗೆ ಹೋದರು.